ಬಯಲು ಅಂತ ಇಡೋಣ ಅಂದವರು

ಮಾರ್ಚ್ 3, ಸೋಮವಾರ

ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನವಾಯಿತು. ಮಗು ಮಲಗಿದೆ. ಅದು ಮಲಗಿದಾಗ ನೀನೂ ಮಲಗು ಅಂತ ಅತ್ತೆ ಹೇಳಿದ್ದಾರೆ. ಕಣ್ಣು ಮುಚ್ಚಿದರೆ ನಿದ್ದೆ ಬರುವುದಿಲ್ಲ, ತೆರೆದು ಕೂತರೆ ತೂಕಡಿಕೆ. ಅದಕ್ಕೇ ಈ ಪುಸ್ತಕ ತೆಗೆದೆ. ಅಂಗಡಿಯಲ್ಲಿ ಕನ್ನಡಕದ ಗಾಜಿನ ಅಳತೆ ಗುರುತು ಹಾಕಿಕೊಳ್ಳುತ್ತಿದ್ದ ಪುಸ್ತಕ ಇದು. ಮುಂದಿನ ಅರ್ಧದಲ್ಲಿ ಯಾರ್ಯಾರದೋ ಎಡಗಣ್ಣು ಬಲಗಣ್ಣು. ಹಿಂದಿನ ಅರ್ಧ ಖಾಲಿ. ಯಾರಿಗೂ ತೋರಿಸುವುದಕ್ಕಲ್ಲ, ತಲೆಯೊಳಗಿನ ಗೋಜಲನ್ನು ಒಂದು ಕಡೆ ಇಳಿಸಿದರೆ ಸಾಕು.

ಗೋಜಲು ಏನೆಂದರೆ ಹೆಸರು. ಆಸ್ಪತ್ರೆಯವರು ಕೊಟ್ಟ ನೋಂದಣಿ ಫಾರಂ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ. ಇಪ್ಪತ್ತೊಂದನೇ ತಾರೀಖಿನೊಳಗೆ ಕೊಡಬೇಕಂತೆ. ತಾಯಿ, ತಂದೆ, ವಿಳಾಸ, ಹುಟ್ಟಿದ ತೂಕ ಎಲ್ಲ ಇವರು ತುಂಬಿದ್ದಾರೆ. ಹೆಣ್ಣು ಅನ್ನುವುದರ ಮುಂದೆ ಗುರುತು ಹಾಕಿದ್ದಾರೆ. ಹೆಸರಿನ ಜಾಗ ಒಂದು ಬಿಟ್ಟು.

‘ಇದನ್ಯಾಕೆ ಬಿಟ್ರಿ?’ ಅಂದೆ.

‘ನೀನೇ ಬರೀಲಿ ಅಂತ. ನೀನಿಟ್ಟ ಹೆಸರು ತಾನೆ?’

ನಿಜ. ಐದನೇ ತಿಂಗಳಲ್ಲಿ ನಾನೇ ಅಂದದ್ದು. ನಾನು ಗಾಜು ಉಜ್ಜುವ ಕೋಣೆ ಅಂಗಡಿಯ ಹಿಂಭಾಗದಲ್ಲಿದೆ. ಮೂರು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ, ಕಿಟಕಿ ಇಲ್ಲ. ಹೊಟ್ಟೆ ಮುಂದೆ ಬಂದ ಮೇಲೆ ಅದರೊಳಗೆ ತಿರುಗುವುದೇ ಕಷ್ಟವಾಗಿತ್ತು. ಒಂದು ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಅಂದಿದ್ದೆ: ‘ಇದೊಂದು ಹುಟ್ಟಲಿ, ಬಯಲು ಅಂತ ಹೆಸರಿಡೋಣ.’ ಇವರಿಗೆ ಎಲ್ಲಿಲ್ಲದ ಖುಷಿ. ‘ಗಂಡಾದ್ರೂ ಬಯಲು, ಹೆಣ್ಣಾದ್ರೂ ಬಯಲು’ ಅಂತ ರಾಗ ಎಳೆದುಕೊಂಡು ಮನೆ ತುಂಬ ಓಡಾಡಿದರು. ಇವರು ಲಿಫ್ಟ್ ರಿಪೇರಿ ಮಾಡುವವರು. ಬಾವಿಯಂಥ ಕತ್ತಲೆಯಲ್ಲಿ ದಿನವಿಡೀ ತೂಗಾಡಿಕೊಂಡಿರುತ್ತಾರೆ. ಇವರಿಗೂ ಒಂದು ಬಯಲು ಬೇಕಿತ್ತೇನೋ.

ಈಗ ಅದನ್ನು ಬರೆಯೋಣವೆಂದರೆ ಕೈ ಏಳುತ್ತಿಲ್ಲ. ಯಾಕೆ ಅಂತ ಗೊತ್ತಿಲ್ಲ. ಮಗು ಎದ್ದಿತು. ಅಳುತ್ತಿದೆ.

ಮಾರ್ಚ್ 4, ಮಂಗಳವಾರ

ಅತ್ತೆಗೆ ಹೆಸರು ಗೊತ್ತಾಯಿತು. ಬೆಳಿಗ್ಗೆ ಇವರು ತೊಟ್ಟಿಲ ಹತ್ತಿರ ಬಗ್ಗಿ ‘ಬಯಲೂ, ಏ ಬಯಲೂ’ ಅಂತ ಮಾತಾಡಿಸುತ್ತಿದ್ದರು. ಅತ್ತೆ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಬಂದು ನಿಂತರು.

‘ಯಾರೋ ಅದು ಬಯಲು?’

‘ನಿನ್ನ ಮೊಮ್ಮಗಳು.’

‘ಬಯಲಾ? ಬಯಲಿಗೆ ಹೋಗೋದು ಅಂತಾರಲ್ಲ, ಆ ಬಯಲಾ?’

‘ಅಮ್ಮಾ!’

‘ನನ್ನ ಮೇಲೆ ಕೂಗಾಡಿದ್ರೆ ಏನು ಬಂತು? ನಾಳೆ ಶಾಲೇಲಿ ಪಕ್ಕದ ಬೆಂಚಿನವರು ಕೇಳ್ತಾರೆ, ಚೊಂಬು ತಂದಿದೀಯಾ ಅಂತ. ಅವರ ಬಾಯಿಗೆಲ್ಲ ನೀನು ಬೀಗ ಹಾಕ್ತೀಯಾ?’

ನನಗೆ ನಗು ಉಕ್ಕಿ ಬಂತು. ಹೊಲಿಗೆ ಎಳೆದು ಕಣ್ಣಲ್ಲಿ ನೀರೂ ಬಂತು. ಇವರು ಸೋಲಲಿಲ್ಲ.

‘ಬಯಲು ಅಂದ್ರೆ ಅಗಲವಾಗಿರೋದು ಕಣಮ್ಮ. ಗೋಡೆ ಇಲ್ಲದ್ದು.’

‘ಗೋಡೆ ಇಲ್ದಿದ್ರೆ ಮಳೇಲಿ ನೆನೀತಾಳೆ.’

ಇವರು ನನ್ನ ಕಡೆ ತಿರುಗಿದರು, ಈಗ ನೀನು ಹೇಳು ಅನ್ನುವ ಹಾಗೆ. ನಾನು ಹೇಳಬೇಕೆಂದಿದ್ದದ್ದು ಬೇರೆ. ಬಾಯಿಂದ ಬಂದದ್ದು ಬೇರೆ. ‘ಅತ್ತೆ ಹೇಳೋದ್ರಲ್ಲಿ ತಪ್ಪೇನಿಲ್ಲ. ಹೆಣ್ಣುಮಗು. ಬಯಲಿಗೆ ಬಿದ್ಲು ಅಂತ ಆಡಿಕೊಳ್ಳೋಕೆ ಜನ ಕಾಯ್ತಿರ್ತಾರೆ. ಗಂಡಾಗಿದ್ರೆ ಬೇರೆ ಮಾತು’ ಅಂದುಬಿಟ್ಟೆ.

ಇವರು ಟೂಲ್ ಬಾಕ್ಸ್ ಎತ್ತಿಕೊಂಡು ಕೆಲಸಕ್ಕೆ ಹೊರಟುಹೋದರು. ಅತ್ತೆಗೂ ಗೆದ್ದ ಖುಷಿ ಇದ್ದ ಹಾಗೆ ಕಾಣಲಿಲ್ಲ. ಬಟ್ಟೆ ಮತ್ತೊಮ್ಮೆ ಹಿಂಡಿದರು, ಅದರಲ್ಲಿ ನೀರೇ ಇರಲಿಲ್ಲ.

ಮಾರ್ಚ್ 7, ಶುಕ್ರವಾರ

ಮಗುವಿನ ತೂಕ ಹುಟ್ಟಿದಾಗ ಇದ್ದದ್ದಕ್ಕಿಂತ ಕಡಿಮೆ. ಮೊದಲ ವಾರ ಹಾಗೇ, ಹೆದರಬೇಡಿ ಅಂದರು ಡಾಕ್ಟರು. ಅದು ಎರಡು ಗುಟುಕು ಕುಡಿದು ಬಾಯಿ ಬಿಡುತ್ತದೆ. ಆಮೇಲೆ ಯಾರಪ್ಪಾ ಇವಳು ಅನ್ನುವ ಹಾಗೆ ನನ್ನ ಮುಖವನ್ನೇ ನೋಡುತ್ತದೆ. ನಾನೂ ಅದನ್ನು ಹಾಗೇ ನೋಡುತ್ತೇನೆ.

ಮಾರ್ಚ್ 9, ಭಾನುವಾರ

ಅಕ್ಕ ಫೋನ್ ಮಾಡಿದ್ದಳು. ಹೆಸರಿನ ಪಟ್ಟಿ ಕಳಿಸಿದ್ದಾಳೆ. ಮೃದುಲ, ಕೋಮಲ, ಸುಕುಮಾರಿ, ನವನೀತ. ಓದುತ್ತಾ ಹೋದರೆ ಹತ್ತಿಯ ಅಂಗಡಿಗೆ ಹೊಕ್ಕ ಹಾಗಾಗುತ್ತದೆ. ಚೆನ್ನಾಗಿವೆ. ಯಾವುದೂ ಬೇಡ ಅನ್ನಲು ಕಾರಣವಿಲ್ಲ. ಆದರೂ ಯಾವುದನ್ನೂ ಆರಿಸಲಾಗಲಿಲ್ಲ.

‘ಬಯಲು ಅಂತ ಹಟ ಹಿಡಿದಿರೋದು ನಿನ್ನ ಗಂಡ ತಾನೆ?’ ಅಂದಳು.

‘ಮೊದಲು ಹೇಳಿದ್ದು ನಾನು.’

‘ನೀನು ಹೇಳಿದ್ದು ಹೊಟ್ಟೇಲಿದ್ದಾಗ. ಈಗ ಹೆಣ್ಣು ಅಂತ ಕಣ್ಣಿಗೆ ಕಾಣ್ತಿದೆ. ಆದ್ರೂ ಅತ್ತಲೂ ಅಲ್ಲ ಇತ್ತಲೂ ಅಲ್ಲ ಅನ್ನೋ ಹೆಸರೇ ಬೇಕು ಅಂದ್ರೆ ಏನರ್ಥ? ಅವನಿಗೆ ಗಂಡು ಬೇಕಿತ್ತು ಕಣೆ. ಬಾಯಿ ಬಿಟ್ಟು ಹೇಳಲ್ಲ ಅಷ್ಟೆ.’

ಛೇ ಅಂದೆ. ಫೋನ್ ಇಟ್ಟ ಮೇಲೆ ಅದೇ ಹುಳ ಕೊರೆಯತೊಡಗಿತು. ಇವರು ಮಗುವನ್ನು ‘ಬಾರೋ’, ‘ನೋಡೋ’, ‘ಏನಪ್ಪಾ ನಿಂದು’ ಅಂತಲೇ ಮಾತಾಡಿಸುವುದು. ಮೊನ್ನೆ ತಂದ ಟೋಪಿ ನೀಲಿ. ಆಚೆ ಮನೆಯವರು ‘ಮೊದಲನೇದು ಹೆಣ್ಣಾ?’ ಅಂದಾಗ ಇವರು ‘ಹ್ಞೂಂ’ ಅಂದರು, ‘ಹೌದು’ ಅನ್ನಲಿಲ್ಲ.

ಇದೆಲ್ಲ ಒಂದು ಕಡೆ. ಇನ್ನೊಂದು ಕಡೆ, ಕೆಲಸದಿಂದ ಬಂದವರು ಕೈಯ ಗ್ರೀಸ್ ಹೋಗುವವರೆಗೆ ಮೂರು ಸಲ ಸೋಪು ಹಾಕಿ ತೊಳೆದು, ಮೂಸಿ ನೋಡಿಕೊಂಡು, ಆಮೇಲೇ ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡ ಮೇಲೆ ಯಾರು ಕೇಳಿದರೂ ಕೊಡುವುದಿಲ್ಲ. ಬೇಡದ್ದನ್ನು ಯಾರಾದರೂ ಹೀಗೆ ಹಿಡಿದುಕೊಳ್ಳುತ್ತಾರಾ? ಅಥವಾ ಬೇಡದ್ದು ಅಂತ ಗೊತ್ತಾಗಬಾರದು ಎಂದು ಹೀಗೆ ಹಿಡಿದುಕೊಳ್ಳುತ್ತಾರಾ? ನನಗಂತೂ ತಲೆಬುಡ ತಿಳಿಯುತ್ತಿಲ್ಲ.

ಮಾರ್ಚ್ 10, ಸೋಮವಾರ

ಕೇಳಿಯೇಬಿಟ್ಟೆ. ಮಧ್ಯಾಹ್ನ ಇವರು ಊಟಕ್ಕೆ ಮನೆಗೆ ಬಂದಿದ್ದರು. ಅತ್ತೆ ಹೊರಗೆ ಬಟ್ಟೆ ಒಣಹಾಕುತ್ತಿದ್ದರು.

‘ನಿಮಗೆ ಗಂಡು ಬೇಕಿತ್ತಾ?’

ತುತ್ತು ಕೈಯಲ್ಲೇ ನಿಂತಿತು. ಮೊದಲು ನಕ್ಕರು. ‘ಯಾರು ತುಂಬಿದ್ದು ಇದನ್ನ ತಲೆಗೆ? ನಿಮ್ಮಕ್ಕನಾ?’

‘ಯಾರಾದ್ರೂ ಆಗ್ಲಿ. ಹೌದೋ ಅಲ್ವೋ?’

‘ಅಲ್ಲ.’

‘ಮತ್ತೆ ಬಾರೋ ಹೋಗೋ ಅಂತೀರಲ್ಲ?’

‘ನಿಂಗೂ ಅಂತೀನಲ್ಲ ಒಂದೊಂದ್ಸಲ. ಕೆಟ್ಟು ನಿಂತ ಲಿಫ್ಟಿಗೂ ಅಂತೀನಿ, ಬಾರೋ ಮೇಲಕ್ಕೆ ಅಂತ.’

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಇವತ್ತು ಬಿಡಲಿಲ್ಲ. ಮನಸ್ಸಲ್ಲಿ ಒಂದಿಟ್ಟುಕೊಂಡು ಹೊರಗೊಂದು ಆಡಬೇಡಿ, ಒಪ್ಪಿಕೊಂಡರೆ ನಾನೇನೂ ತಿಂದುಬಿಡುವುದಿಲ್ಲ, ಹೀಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ತಟ್ಟೆ ಪಕ್ಕಕ್ಕೆ ಸರಿಸಿದರು.

‘ನರ್ಸ್ ಹೆಣ್ಣುಮಗು ಅಂದಾಗ ನೀನೇನಂದೆ, ನೆನಪಿದೆಯಾ?’

‘ಏನಂದೆ?’

‘ಬಿಡು.’

‘ಹೇಳಿ.’

‘ನಾನು ಬಾಗಿಲಲ್ಲೇ ನಿಂತಿದ್ದೆ. ಇನ್ನೊಂದ್ಸಲ ಸರಿಯಾಗಿ ನೋಡಿ ಅಂದೆ ನೀನು.’

ಕೈ ತೊಳೆದುಕೊಂಡು ಹೋದರು. ಅನ್ನ ಅರ್ಧ ಹಾಗೇ ಇತ್ತು.

ಮಾರ್ಚ್ 11, ಮಂಗಳವಾರ

ನಾನು ಹಾಗೆ ಅಂದಿಲ್ಲ. ಅಂದಿದ್ದರೆ ನೆನಪಿರುತ್ತಿತ್ತು. ಮೂರು ವರ್ಷದ ಹಿಂದೆ ಉಜ್ಜಿದ ಗಾಜಿನ ಅಳತೆ ನನಗೆ ಬಾಯಲ್ಲಿದೆ.

ಮಾರ್ಚ್ 13, ಗುರುವಾರ

ಅತ್ತೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ನಾನು ಬಿಸಿನೀರು ಬೆರೆಸಿ ಕೊಡುತ್ತಿದ್ದೆ. ಕೇಳಬಾರದು ಅಂದುಕೊಂಡೇ ಕೇಳಿದೆ. ಹೆರಿಗೆ ಕೋಣೆಯಲ್ಲಿ ನನ್ನ ತಲೆ ಹಿಡಿದುಕೊಂಡಿದ್ದವರು ಅವರೇ.

‘ಹೌದು, ನೀನು ಹಾಗಂದೆ’ ಅಂದರು. ‘ಒಂದ್ಸಲ ಅಲ್ಲ, ಎರಡು ಸಲ. ನರ್ಸ್ ಪಾಪ, ನಿಜವಾಗ್ಲೂ ಇನ್ನೊಂದ್ಸಲ ನೋಡಿದ್ಲು.’

ಚೊಂಬು ನನ್ನ ಕೈಯಲ್ಲೇ ಉಳಿಯಿತು. ಅತ್ತೆ ಬೈಯಲಿಲ್ಲ. ಮಗುವಿನ ಕಿವಿಯ ಹಿಂದೆ ಬೆರಳಾಡಿಸುತ್ತಾ, ನನ್ನ ಕಡೆ ನೋಡದೆ ಹೇಳಿದರು:

‘ನಿನ್ನ ಗಂಡ ಹುಟ್ಟಿದಾಗ ನಾನು, ಅಯ್ಯೋ ಇನ್ನೊಂದಾ ಅಂದಿದ್ದೆ. ಅವನು ಮೂರನೇ ಗಂಡು. ಹೆಣ್ಣು ಅಂತ ನಂಬ್ಕೊಂಡು ಲಂಗ ಬೇರೆ ಹೊಲಿದಿಟ್ಟಿದ್ದೆ. ಎರಡು ತಿಂಗಳು ಅದನ್ನೇ ತೊಡಿಸಿದೆ ಅವನಿಗೆ. ಅವನಿಗೆ ಹೇಳಬೇಡ.’

‘ಆಮೇಲೆ ಯಾವಾಗ ಸರಿಹೋಯ್ತು ಅತ್ತೆ?’

‘ಸರಿಹೋಗೋದೇನು? ಹಾಲು ಕುಡಿಸು, ನೀರು ಹಾಕು, ಬಟ್ಟೆ ಒಗಿ. ಯಾವಾಗ ಅಂತ ನೋಡ್ಕೊಳ್ಳೋಕೆ ಪುರುಸೊತ್ತೆಲ್ಲಿತ್ತು? ಟವಲ್ ಕೊಡಿಲ್ಲಿ.’

ಕೊಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು, ‘ನಾನೇನೋ ಎರಡು ಗಂಡು ಸಾಕಿ ಸುಸ್ತಾಗಿದ್ದೆ. ನಿಂಗ್ಯಾಕೆ ಗಂಡೇ ಬೇಕಿತ್ತು?’

ಗೊತ್ತಿಲ್ಲ ಅಂದೆ. ಸುಳ್ಳಲ್ಲ.

ಮಾರ್ಚ್ 17, ಸೋಮವಾರ

ಅಂಗಡಿಯ ಯಜಮಾನರು ಹಣ್ಣು ತಂದಿದ್ದರು. ಒಳ್ಳೆಯ ಮನುಷ್ಯ. ಬಾಗಿಲಲ್ಲೇ ನಿಂತು ಚಪ್ಪಲಿ ಎಲ್ಲಿ ಬಿಡಲಿ ಅಂತ ಎರಡು ಸಲ ಕೇಳಿದರು. ನನ್ನ ಬದಲಿಗೆ ಬಂದವನು ಗಾಜಿನ ಅಂಚು ಒಡೆಯುತ್ತಾನಂತೆ. ‘ನಿನ್ನ ಕೈ ಯಾರಿಗೂ ಬರಲ್ಲಮ್ಮ, ಬೇಗ ಬಂದುಬಿಡು’ ಅಂದರು. ಆಮೇಲೆ ತೊಟ್ಟಿಲ ಕಡೆ ಬಗ್ಗಿದರು.

‘ಏನು ಮಗು?’

‘ಹೆಣ್ಣು.’

‘ಪರವಾಗಿಲ್ಲ ಬಿಡು.’

‘ಏನು ಪರವಾಗಿಲ್ಲ?’ ಅಂದೆ.

ಅವರು ನನ್ನನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ನಾನು ಅವರಿಗೆ ತಿರುಗಿಸಿ ಏನೂ ಕೇಳಿದವಳಲ್ಲ. ಗಿರಾಕಿಗಳು ‘ಗಾಜು ಕೂರಿಸಿದೋರು ಯಾರು, ಕರೀರಿ’ ಅಂದರೆ ಯಜಮಾನರು ತಾವೇ ಒಳಗೆ ಬಂದು, ನನ್ನನ್ನು ಕೇಳಿ, ಹೊರಗೆ ಹೋಗಿ ತಾವೇ ಮಾಡಿದ ಹಾಗೆ ಹೇಳುತ್ತಾರೆ. ‘ಹೆಂಗಸು ಮಾಡಿದ್ದು ಅಂದ್ರೆ ಅನುಮಾನ ಪಡ್ತಾರಮ್ಮ. ನಾವ್ಯಾಕೆ ಮಾತಿಗೆ ಮಾತು ಬೆಳೆಸೋದು?’ ಅಂತ ಮೊದಲ ವಾರವೇ ಹೇಳಿದ್ದರು. ಸರಿ ಅಂದಿದ್ದೆ. ಸರಿ ಅಂತಲೇ ಅನ್ನಿಸಿತ್ತು.

‘ಅಲ್ಲ, ಸುಮ್ನೆ ಅಂದೆ, ಬಾಯಿಗೆ ಬಂತು’ ಅಂದರು. ಪಾಪ, ಬೆವತರು. ಕಾಫಿ ಪೂರ್ತಿ ಕುಡಿಯದೆ ಎದ್ದರು. ಅವರು ಹೋಗುವವರೆಗೂ ಇವಳು ನನ್ನ ಕಿರುಬೆರಳು ಹಿಡಿದುಕೊಂಡೇ ಇದ್ದಳು. ಎಂಥ ಬಿಗಿ! ಬಿಡಿಸಿಕೊಳ್ಳಲು ಹೋದರೆ ಹುಬ್ಬು ಗಂಟಿಕ್ಕುತ್ತಾಳೆ.

ಇನ್ನೊಂದು ಬರೆಯಬೇಕು. ಆ ಸಂಜೆ ಬಯಲು ಅಂತ ಹೆಸರಿಡೋಣ ಅಂದಾಗ ನನ್ನ ಕಣ್ಣ ಮುಂದೆ ಒಂದು ಮಗು ಓಡುತ್ತಿತ್ತು. ದೊಡ್ಡ ಮೈದಾನ, ತಡೆಯಲು ಯಾರೂ ಇಲ್ಲ. ಈಗ ನೆನಪು ಮಾಡಿಕೊಂಡರೆ ಅದು ಚಡ್ಡಿ ಹಾಕಿದ ಹುಡುಗ. ಯಾಕೆ ಹುಡುಗ? ನಾನು ಯಾವತ್ತೂ ಹಾಗೆ ಓಡಿದವಳಲ್ಲ, ಅದಕ್ಕಾ? ಬರೆದು ನೋಡಿದರೂ ಅರ್ಥವಾಗಲಿಲ್ಲ.

ಮಾರ್ಚ್ 20, ಗುರುವಾರ

ನಾಳೆ ಕೊನೆಯ ದಿನ. ಫಾರಂ ಫ್ರಿಜ್ಜಿನ ಮೇಲೆ ಇಲ್ಲ, ಇವರ ಚೀಲದಲ್ಲಿದೆ. ನಾಳೆ ರಜೆ ಹಾಕಿದ್ದೀನಿ, ಮೂವರೂ ಹೋಗಿ ಬರೋಣ ಅಂದರು. ಹೆಸರಿನ ಮಾತೆತ್ತಲಿಲ್ಲ. ಎಷ್ಟೋ ದಿನದಿಂದ ಇವರು ಅವಳನ್ನು ಆ ಹೆಸರಿನಿಂದ ಕರೆಯುವುದನ್ನೇ ಬಿಟ್ಟಿದ್ದಾರೆ. ‘ಪಾಪು ಮಲಗಿತಾ?’ ಅಂತಾರೆ, ಯಾರದೋ ಮನೆಗೆ ಬಂದವರ ಹಾಗೆ.

ಮಧ್ಯಾಹ್ನ ನಾನು ಅವಳು ಇಬ್ಬರೇ ಇದ್ದಾಗ ಅಕ್ಕನ ಪಟ್ಟಿ ಹಿಡಿದು ಒಂದೊಂದೇ ಕರೆದು ನೋಡಿದೆ. ಮೃದುಲ. ಆಕಳಿಸಿದಳು. ಕೋಮಲ. ಗೋಡೆ ನೋಡಿದಳು. ಕೊನೆಗೆ ಬಯಲು ಅಂದೆ. ಅದಕ್ಕೂ ಆಕಳಿಸಿದಳು. ಅವಳಿಗೆ ಎಲ್ಲವೂ ಒಂದೇ. ಆದರೆ ಕರೆದ ಮೇಲೆ ಸುತ್ತ ನೋಡಿದ್ದು ನಾನು, ಯಾರಾದರೂ ಕೇಳಿಸಿಕೊಂಡರಾ ಅಂತ.

ಮಾರ್ಚ್ 21, ಶುಕ್ರವಾರ

ಇವತ್ತಿನದು ಪೂರ್ತಿ ಬರೆಯದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ನೋಂದಣಿ ಕಚೇರಿಯಲ್ಲಿ ಉದ್ದದ ಸಾಲು. ಇವಳು ನನ್ನ ಭುಜದ ಮೇಲೆ ನಿದ್ದೆ ಮಾಡುತ್ತಿದ್ದಳು. ನಮ್ಮ ಸರದಿ ಬಂತು. ಕಿಟಕಿಯೊಳಗಿನ ಗುಮಾಸ್ತೆ ಗದ್ದ ಮೇಲೆತ್ತಿ, ಮೂಗಿನ ತುದಿಯಿಂದ ನೋಡುವ ಹಾಗೆ ಫಾರಂ ಓದುತ್ತಿದ್ದರು. ಕನ್ನಡಕದಲ್ಲಿ ಓದುವ ಗಾಜು ತೀರ ಕೆಳಗೆ ಕೂತಿದೆ, ಕತ್ತು ನೋಯುತ್ತಿರುತ್ತದೆ ಪಾಪ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಗಟ್ಟಿಯಾಗಿ ಓದಿದರು: ‘ಹೆಣ್ಣು. ಹೆಸರು ಮೃದುಲ.’

ಬೇರೆ ಯಾರದೋ ಫಾರಂ ಅಂದುಕೊಂಡೆ. ಬಗ್ಗಿ ನೋಡಿದರೆ ಇವರ ಅಕ್ಷರ.

‘ಯಾರು ಬರೆದ್ರು ಇದನ್ನ?’

‘ನಾನೇ. ನಿಮ್ಮಕ್ಕನ ಪಟ್ಟೀಲಿ ಮೊದಲನೇದು.’

‘ನನ್ನ ಕೇಳ್ದೇನಾ?’

‘ನಿಂಗೆ ಬಯಲು ಬೇಡ ಅಲ್ವಾ?’

‘ಬೇಡ ಅಂತ ನಾನು ಯಾವಾಗಂದೆ?’

ಧ್ವನಿ ಏರಿತು. ಹಿಂದೆ ಯಾರೋ ಕೆಮ್ಮಿದರು. ಇವರು ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು, ‘ಗಂಡಾಗಿದ್ರೆ ಬೇರೆ ಮಾತು ಅಂದ್ಯಲ್ಲ, ಅವತ್ತಿಂದ ನಂಗೆ ಆ ಹೆಸರು ಕರೆಯೋಕೆ ಬಾಯಿ ಬರ್ತಿಲ್ಲ. ನಾನು ಬಯಲು ಅಂದಾಗೆಲ್ಲ ನಿಂಗೆ ಹುಟ್ಟದೇ ಇರೋ ಇನ್ನೊಬ್ಬ ನೆನಪಾಗ್ತಾನೆ ಅನ್ಸುತ್ತೆ. ಅದು ಬೇಡ ಅಂತ ಬರೆದೆ.’

ಗುಮಾಸ್ತೆ ಫಾರಂ ಹೊರಗೆ ತಳ್ಳಿದರು. ‘ನೀವಿಬ್ರೂ ಹೊರಗೆ ಹೋಗಿ ತೀರ್ಮಾನ ಮಾಡ್ಕೊಂಡು ಬನ್ನಿ. ಮುಂದಿನವರು ಬನ್ನಿ.’

ಹೊರಗೆ ಮೆಟ್ಟಿಲ ಪಕ್ಕ ಒಂದು ಕಲ್ಲುಬೆಂಚು. ಕೂತೆವು. ಅರ್ಜಿ ಬರೆದುಕೊಡುವ ಮುದುಕರೊಬ್ಬರು ಪಕ್ಕದಲ್ಲೇ ಇದ್ದರು. ಕೇಳಿಸಿದರೆ ಕೇಳಿಸಲಿ ಅನ್ನಿಸಿತು.

‘ನಂಗೆ ಗಂಡು ಬೇಕಿತ್ತು’ ಅಂದೆ.

‘ಗೊತ್ತು.’

‘ಅದನ್ನ ನಿಮ್ಮ ತಲೆಗೆ ಕಟ್ಟಿದೆ.’

‘ಅದೂ ಗೊತ್ತು. ಈಗ?’

‘ಈಗ ಇವಳಿದಾಳೆ’ ಅಂದೆ. ಆಮೇಲೆ ಮನಸ್ಸಲ್ಲಿದ್ದ ಮುಳ್ಳನ್ನೂ ಹೇಳಿದೆ. ‘ನಾನು ಆ ಹೆಸರು ಯೋಚಿಸಿದ್ದು ಹುಡುಗನಿಗೆ ರೀ. ಅವನಿಗೆ ಅಂತ ಎತ್ತಿಟ್ಟಿದ್ದನ್ನ ಇವಳಿಗೆ ಕೊಟ್ರೆ ಇವಳಿಗೆ ಮೋಸ ಮಾಡಿದ ಹಾಗಲ್ವಾ?’

ಇವರು ಇವಳ ಟೋಪಿ ಸರಿಮಾಡುತ್ತಾ ಕೇಳಿದರು, ‘ಕೊಡದಿದ್ರೆ?’

ಕೊಟ್ಟರೂ ತಪ್ಪು ಅನ್ನಿಸುತ್ತದೆ, ಕೊಡದಿದ್ದರೆ ಇನ್ನೂ ದೊಡ್ಡ ತಪ್ಪು ಅನ್ನಿಸುತ್ತದೆ. ಅಷ್ಟರಲ್ಲಿ ಇವಳು ಎದ್ದು ಕಿರುಚಿದಳು. ಸಣ್ಣಪುಟ್ಟ ಕಿರುಚಲ್ಲ, ಕಚೇರಿಯ ಕಿಟಕಿಗಳಲ್ಲೆಲ್ಲ ತಲೆಗಳು ಕಾಣಿಸಿಕೊಂಡವು. ಅರ್ಜಿಯ ಮುದುಕರು ‘ಗಂಟಲು ಜೋರಾಗಿದೆ’ ಅಂದರು. ಮೃದುಲ ಅಂತ ಬರೆದ ಕಾಗದ ಇವರ ಕೈಯಲ್ಲಿತ್ತು. ಇವರು ಕಾಗದ ನೋಡಿದರು, ಅವಳನ್ನು ನೋಡಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅಲ್ಲೇ ಹಾಲು ಕುಡಿಸಿದೆ. ಹೊಟ್ಟೆ ತುಂಬ ಕುಡಿದಳು. ಆಮೇಲೆ ಹೊಸ ಫಾರಂ ಇಸಿದುಕೊಂಡು ಮತ್ತೆ ಸಾಲಿನಲ್ಲಿ ನಿಂತು, ಹೆಸರಿನ ಜಾಗದಲ್ಲಿ ನಾನೇ ಬರೆದೆ. ಪೆನ್ನು ಒತ್ತಿ ಹಿಡಿದದ್ದಕ್ಕೆ ಅಚ್ಚು ಹಿಂದಿನ ಪುಟದಲ್ಲೂ ಮೂಡಿತು.

‘ಬಯಲು’ ಅಂತ ಓದಿ ಗುಮಾಸ್ತೆ ಗದ್ದ ಇನ್ನಷ್ಟು ಮೇಲೆತ್ತಿದರು. ‘ಇದು ಹೆಣ್ಣಿನ ಹೆಸರಾ?’

‘ಇನ್ಮೇಲೆ ಹೌದು’ ಅಂದೆ.

ಮೊಹರು ಒತ್ತಿದರು. ಹೊರಡುವಾಗ ಅವರ ಕನ್ನಡಕದ ವಿಷಯ ಹೇಳಿದೆ. ಅಂಗಡಿ ಯಾವುದು ಅಂತ ಕೇಳಿದರು. ಹೇಳಿದೆ. ‘ಬಂದರೆ ಗಾಜು ಉಜ್ಜೋರನ್ನ ಕರೀರಿ ಅನ್ನಿ, ನಾನೇ ಬರ್ತೀನಿ’ ಅಂದೆ. ಯಜಮಾನರು ಏನಂತಾರೋ, ಅದು ಆಮೇಲಿನ ಮಾತು.

ಮಾರ್ಚ್ 29, ಶನಿವಾರ

ಬರೆಯಲು ಸಮಯವೇ ಸಿಗುತ್ತಿಲ್ಲ. ಅತ್ತೆ ಅವಳನ್ನು ಬಯಲಮ್ಮ ಅಂತ ಕರೆಯುತ್ತಾರೆ. ಅಮ್ಮ ಸೇರಿಸಿದರೆ ಮಾನ ಉಳಿಯುತ್ತದಂತೆ. ಅಕ್ಕ ಎರಡು ದಿನ ಮಾತು ಬಿಟ್ಟಿದ್ದಳು, ಮೂರನೇ ದಿನ ಫೋಟೋ ಕಳಿಸು ಅಂದಳು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಇನ್ನೂ ತಿಳಿಯದು. ಶಾಲೆಯಲ್ಲಿ ಚೊಂಬಿನ ಜೋಕು ಮಾಡುವವರು ಮಾಡಿಯೇ ಮಾಡುತ್ತಾರೆ. ಬೇಡ ಅನ್ನಿಸಿದರೆ ದೊಡ್ಡವಳಾದ ಮೇಲೆ ಅವಳೇ ಬದಲಿಸಿಕೊಳ್ಳಲಿ. ನನ್ನ ಜೊತೆ ಜಗಳ ಆಡಿಯೇ ಬದಲಿಸಿಕೊಳ್ಳಲಿ.

ಇವತ್ತು ತೂಕ ನೋಡಿಸಲು ಹೋಗಿದ್ದೆವು. ದೊಡ್ಡ ಕೋಣೆ, ಗೋಡೆಗುಂಟ ಬೆಂಚುಗಳು, ಮೂವತ್ತು ನಲವತ್ತು ಜನ. ಇವರು ಗಾಡಿ ನಿಲ್ಲಿಸಿ ಬರಲು ಹೋಗಿದ್ದರು. ನಾವಿಬ್ಬರೇ ಇದ್ದೆವು. ಒಳಗಿನ ಬಾಗಿಲಿಂದ ನರ್ಸ್ ಚೀಟಿ ಹಿಡಿದು ಕೂಗಿದಳು:

‘ಬಯಲು! ಬಯಲು ಯಾರು? ಎಲ್ಲಿದಾನೆ?’

ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ‘ಏನಂದ್ರು?’ ಅಂತ ಪಕ್ಕದವರನ್ನು ಕೇಳಿದರು.

‘ಇದಾಳೆ’ ಅಂತ ನಾನು ಎದ್ದು ನಿಂತೆ. ಬೇಕಾದದ್ದಕ್ಕಿಂತ ಜೋರಾಗಿಯೇ ಅಂದೆ ಅಂತ ಕಾಣುತ್ತದೆ. ಇಡೀ ಕೋಣೆ ತಿರುಗಿತು. ಬಾಗಿಲು ಇಪ್ಪತ್ತು ಹೆಜ್ಜೆ ದೂರವಿತ್ತು. ಎಲ್ಲರೂ ನೋಡಲಿ ಅಂತ ಅವಳ ಮುಖ ಹೊರಗೆ ಕಾಣುವ ಹಾಗೆ ಎತ್ತಿಕೊಂಡು, ಸ್ವಲ್ಪ ನಿಧಾನವಾಗಿಯೇ ನಡೆದೆ.